ಬೈರಪ್ಪನ ಮನೆಗೆ ನಲ್ಲಿ ಬಂತು

ಗಿರಣಿ ನಡೆಸುವವರನ್ನು ಯಾರೂ ನಂಬುವುದಿಲ್ಲ. ರಾಗಿ ತಂದವರು ಕಲ್ಲಿನ ಪಕ್ಕದಲ್ಲೇ ನಿಂತು ಹಿಟ್ಟು ಬೀಳುವುದನ್ನು ಕಾಯುತ್ತಾರೆ, ಹೋಗುವಾಗ ಚೀಲ ಎತ್ತಿ ಕೈಯಲ್ಲೇ ತೂಗುತ್ತಾರೆ, ಮನೆ ಸೇರಿದ ಮೇಲೆ ‘ಭಾಗ್ಯಮ್ಮ ಇವತ್ತೂ ಒಂದು ಹಿಡಿ ಹೊಡೆದಳು’ ಅನ್ನುತ್ತಾರೆ. ನಾನೂ ಅವರನ್ನು ನಂಬುವುದಿಲ್ಲ. ಒದ್ದೆ ರಾಗಿಯನ್ನು ಒಣಗಿದ್ದು ಅಂತ ತಂದು ನನ್ನ ಕಲ್ಲು ಕೆಡಿಸಿದವರು ಎಷ್ಟೋ ಜನ. ಹೊಂಗೇಕೆರೆಯ ಅರಳಿಕಟ್ಟೆಯ ಎದುರಿಗೇ ನಮ್ಮ ಗಿರಣಿ. ಊರಿನ ಅರ್ಧ ಜಗಳ ನನ್ನ ಕಣ್ಣ ಮುಂದೆ ನಡೆದಿದೆ, ಇನ್ನರ್ಧ ನಾನೇ ಮಾಡಿದ್ದೇನೆ. ಅಂಥ ನಾನು ಈಗ ಬೈರಪ್ಪನ ವಿಷಯ ಹೇಳಲು ಕೂತಿದ್ದೇನೆ. ಅವನಿಗಾದದ್ದನ್ನು ಊರಿನವರು ತಮಗೆ ಬೇಕಾದ ಹಾಗೆ ಹೇಳಿಕೊಂಡು ತಿರುಗುತ್ತಿದ್ದಾರೆ, ಅದಕ್ಕೆ.

ಬೈರಪ್ಪ ನಮ್ಮೂರ ನೀರುಗಂಟಿ. ಈಗ ಬಂದು ಸೇರಿದವರಿಗೆ ಆ ಮಾತೇ ಗೊತ್ತಿಲ್ಲ. ಕೆರೆಯ ತೂಬು ಎತ್ತುವವನು, ಯಾರ ಗದ್ದೆಗೆ ಯಾವಾಗ ಎಷ್ಟು ಅಂತ ನೀರು ಹರಿಸುವವನು ನೀರುಗಂಟಿ. ಅವನಪ್ಪನೂ ಅದೇ ಮಾಡಿದ, ಅಜ್ಜನೂ ಅದೇ ಮಾಡಿದ. ಊರಾಚೆಯ ಕಾಲೋನಿಯಲ್ಲಿ ಅವರ ಮನೆ. ನಾನು ಮದುವೆಯಾಗಿ ಬಂದಾಗ ಅವನಿಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಸನಿಕೆ ಹೆಗಲ ಮೇಲಿಟ್ಟುಕೊಂಡು ಬದುವಿನ ಮೇಲೆ ಬಂದನೆಂದರೆ ಗದ್ದೆಯ ಯಜಮಾನರು ಮಾತು ನಿಲ್ಲಿಸಿ ದಾರಿ ಬಿಡುತ್ತಿದ್ದರು. ಕಟ್ಟೆಯ ಹತ್ತಿರ ಮಾತ್ರ ಅದೇ ಹುಡುಗ ಕೆಳಗೆ ನಿಲ್ಲಬೇಕು, ಅದೇ ಯಜಮಾನರು ಮೇಲೆ ಕೂರಬೇಕು. ಇದನ್ನು ವಿಚಿತ್ರ ಅಂತ ಆಗ ಯಾರೂ ಅನ್ನುತ್ತಿರಲಿಲ್ಲ.

ಊರಿನಲ್ಲಿ ಒಂದು ಕಟ್ಟು ಇತ್ತು. ನೀರುಗಂಟಿಗೆ ಕೆರೆಯ ಕೆಳಗೆ ಗದ್ದೆ ಇರಬಾರದು. ಸ್ವಂತಕ್ಕೂ ಇರಬಾರದು, ಬೆಳೆಯ ಪಾಲಿಗೆ ಅಂತ ಇನ್ನೊಬ್ಬರದನ್ನು ವಾರಕ್ಕೂ ಮಾಡಬಾರದು. ಕೊಯ್ಲಾದ ಮೇಲೆ ಪ್ರತಿ ಕಣದಲ್ಲೂ ಅವನ ಪಾಲಿನ ಭತ್ತ ಎತ್ತಿಡುತ್ತಿದ್ದರು, ಅದೇ ಅವನ ವರ್ಷದ ಊಟ. ನಮ್ಮತ್ತೆ ಈಶ್ವರಮ್ಮ ಹೇಳೋಳು: “ನೀರು ಬಿಡೋನಿಗೆ ಗದ್ದೆ ಇದ್ರೆ ನೀರಿಗೆ ಕಣ್ಣು ಬಂದ್ಬಿಡ್ತದೆ ಕಣೆ. ಅವನ ಗದ್ದೇನೇ ಉಡುಕ್ಕೊಂಡು ಓಯ್ತದೆ.”

ಮಳೆ ಕೈಕೊಟ್ಟ ವರ್ಷ ಈ ಕಟ್ಟಿನ ಬೆಲೆ ಗೊತ್ತಾಗುತ್ತಿತ್ತು. ಆ ವರ್ಷ ಹಿರಿಯರು ಕಟ್ಟೆ ಸೇರಿ, ಇಷ್ಟೇ ಗದ್ದೆಗೆ ನಾಟಿ, ಉಳಿದದ್ದು ಬೀಳು ಅಂತ ತೀರ್ಮಾನ ಮಾಡೋರು. ಅಲ್ಲಿಂದ ಕೊಯ್ಲಿನವರೆಗೂ ಯಾವ ಯಜಮಾನನೂ ತನ್ನ ಗದ್ದೆಗೆ ನೀರು ತಿರುಗಿಸುವ ಮಡೆಗೆ ಕೈಹಾಕುವಂತಿಲ್ಲ. ಮಡೆ ಬಿಡುವುದು, ಕಟ್ಟುವುದು ಎಲ್ಲಾ ನೀರುಗಂಟಿಯದೇ. ಒಂದು ವರ್ಷ ಊರ ಯಜಮಾನನೇ ಮಟಮಟ ಮಧ್ಯಾಹ್ನ, ಯಾರೂ ಇಲ್ಲ ಅಂದುಕೊಂಡು, ತನ್ನ ಗದ್ದೆಗೆ ಮಡೆ ತೆಗೆದುಕೊಂಡ. ಬೈರಪ್ಪ ಹೋಗಿ ಕೆಸರು ಮೆತ್ತಿ ಮುಚ್ಚಿದ. ಸಂಜೆ ಕಟ್ಟೆಯ ಕೆಳಗೆ ನಿಂತು, ಮೇಲೆ ಕೂತಿದ್ದ ಅದೇ ಯಜಮಾನನ ಮುಖ ನೋಡಿಕೊಂಡೇ ಹೇಳಿದ. ಯಜಮಾನ ಎದುರಾಡದೆ ದೇವಸ್ಥಾನದ ದೀಪಕ್ಕೆ ತಪ್ಪೆಣ್ಣೆ, ಅಂದರೆ ತಪ್ಪಿನ ದಂಡದ ಎಣ್ಣೆ, ಕೊಟ್ಟ. ನಾನು ಆಗ ಗಿರಣಿಗೆ ಹೊಸಬಳು. ಆ ದಿನ ಈ ಹುಡುಗ ನನಗೆ ಬಹಳ ಹಿಡಿಸಿದ.

ನಮ್ಮ ಗದ್ದೆಗಳು ಹೋಗಿದ್ದು ಬರಗಾಲದಿಂದಲ್ಲ. ಸ್ವಲ್ಪ ಜಿಗಣಿಯ ಕಾರ್ಖಾನೆಗಳಿಗೆ ಹೋಯಿತು, ಮಿಕ್ಕಿದ್ದು ಲೇಔಟಿಗೆ. ಭತ್ತ ಬೆಳೆಯುತ್ತಿದ್ದವರೆಲ್ಲ ಬಾಡಿಗೆ ಬೆಳೆಯಲು ಶುರುಮಾಡಿದೆವು. ನಾನೂ ಒಂದು ವಠಾರ ಕಟ್ಟಿಸಿದೆ. ಕೆರೆಯಲ್ಲಿ ಜೊಂಡು ನಿಂತಿತು, ತೂಬು ತುಕ್ಕು ಹಿಡಿಯಿತು. ಪಂಚಾಯ್ತಿಯವರು ಏರಿಯ ಕೆಳಗೊಂದು, ಬೇರೆ ಕಡೆ ಎರಡು ಬೋರು ಕೊರೆಸಿ, ಓವರ್‌ಹೆಡ್ ಟ್ಯಾಂಕು ಕಟ್ಟಿಸಿ, ಬೀದಿಬೀದಿಗೆ ಪೈಪು ಹಾಕಿದರು. ವಾಲ್ವ್ ತಿರುಗಿಸಿ ಬೀದಿಗೆ ನೀರು ಬಿಡುವವರು ಯಾರು ಅನ್ನುವ ಮಾತು ಬಂದಾಗ ಕಟ್ಟೆಯವರು, ‘ಇದರಲ್ಲಿ ಕೇಳೋದೇನು, ಬೈರಪ್ಪ ಇದ್ದಾನಲ್ಲ’ ಅಂದರು. ಸನಿಕೆ ಹೋಗಿ ಅವನ ಹೆಗಲ ಮೇಲೆ ಎದೆಯೆತ್ತರದ ಕಬ್ಬಿಣದ ಕೀಲಿ ಬಂತು. ಸಂಬಳ ಅಂತ ಪಂಚಾಯ್ತಿ ಒಂದಿಷ್ಟು ಕೊಡುತ್ತಿತ್ತು, ಅದೂ ನೆನಪಾದಾಗ.

ಆವತ್ತೇ ಹಳೇ ಕಟ್ಟಿಗೂ ಹೊಸ ಅಂಗಿ ತೊಡಿಸಿದರು. ಗದ್ದೆಗಳೇ ಇಲ್ಲವಲ್ಲ, ಹಾಗಾಗಿ ನೀರುಗಂಟಿಯ ಮನೆಯಲ್ಲಿ ನಲ್ಲಿ ಇರಬಾರದು ಅಂತಾಯಿತು. ಕಾಲೋನಿಗೂ ಪೈಪು ಬಂತು, ಎಲ್ಲ ಮನೆಗೂ ನಲ್ಲಿ ಬಂತು, ಬೈರಪ್ಪನ ಮನೆಯೊಂದನ್ನು ಬಿಟ್ಟು. ಯಾವ ಬೀದಿಗೆ ನೀರು ಬಿಟ್ಟಿರುತ್ತಾನೋ ಆ ಬೀದಿಯ ಕೊನೇ ಮನೆಯವರೆಲ್ಲ ಹಿಡಿದ ಮೇಲೆ ಅಲ್ಲಿ ಅವನ ಹೆಂಡತಿ ಸಿದ್ದಮ್ಮ ಬಿಂದಿಗೆ ಇಡುತ್ತಿದ್ದಳು. ಬಿಸಿಲೋ ಮಳೆಯೋ, ಊರ ಈ ಕೊನೆಯಿಂದ ಆ ಕೊನೆಗೆ ತಲೆ ಮೇಲೊಂದು ಸೊಂಟದಲ್ಲೊಂದು. ಅವಳು ಸತ್ತ ಮೇಲೆ ಸೊಸೆ ಲಾವಣ್ಯ ಹೊತ್ತಳು. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಇಡೀ ದಿನ ಹೊಲಿದು ಬಂದವಳು ಬಿಂದಿಗೆ ಎತ್ತಿಕೊಂಡು ಹೊರಡುತ್ತಿದ್ದಳು. ಅವಳ ಗಂಡ ಸಿದ್ಧಾರ್ಥ್ ಪೀಣ್ಯದಲ್ಲಿ ಲೇತ್ ಕೆಲಸಕ್ಕಿದ್ದು ಭಾನುವಾರ ಮಾತ್ರ ಊರಿಗೆ ಬರುತ್ತಿದ್ದ.

ಎರಡು ಸಾವಿರದ ಹದಿಮೂರರ ಬೇಸಿಗೆಯಲ್ಲಿ ಯುಗಾದಿಗೆ ಮುಂಚೆಯೇ ಒಂದು ಬೋರು ಬತ್ತಿತು. ಹಬ್ಬದ ಹೊತ್ತಿಗೆ ಇನ್ನೊಂದು ಬರೀ ಗಾಳಿ ಉಗುಳಿತು. ಉಳಿದದ್ದು ಏರಿಯ ಕೆಳಗಿನದೊಂದೇ. ದಿನ ಬಿಟ್ಟು ದಿನ ಬರುತ್ತಿದ್ದ ನೀರು ವಾರಕ್ಕೊಂದು ಸಲವಾಯಿತು, ಆಮೇಲೆ ವಾರವೂ ದಾಟಿತು. ನನ್ನ ವಠಾರದ ಗಾರ್ಮೆಂಟ್ಸ್ ಹುಡುಗಿಯರು, ಗ್ರಾನೈಟ್ ಫ್ಯಾಕ್ಟರಿಯ ಬಿಹಾರಿಗಳು ಎಲ್ಲರೂ ಖಾಲಿ ಕೊಡ ಹಿಡಿದು ನನ್ನ ಮುಖ ನೋಡುವರು, ನಾನೇ ಮೋಡಕ್ಕೆ ಬೀಗ ಹಾಕಿದ ಹಾಗೆ.

ನೀರು ಕಮ್ಮಿಯಾದ ಹಾಗೆ ಅನುಮಾನ ಜಾಸ್ತಿಯಾಯಿತು. ಕೆಳಗಿನ ಬೀದಿಯವರು ಜಾಸ್ತಿ ಹಿಡೀತಾರೆ ಅಂತ ಮೇಲಿನ ಬೀದಿಯವರು ಅಂದರು, ಮೇಲಿನವರೇ ಹಿಡೀತಾರೆ ಅಂತ ಕೆಳಗಿನವರು ಅಂದರು. ಅಣ್ಣನ ಮನೆಯ ಸಂಪಿನೊಳಗೆ ತಮ್ಮ ಕೋಲು ಇಳಿಸಿ ನೋಡಿದ. ದೇವಸ್ಥಾನದ ಪೂಜಾರಿ ಅಭಿಷೇಕ ಮಾಡಿದರೆ ‘ಎಷ್ಟು ತಂಬಿಗೆ ಸುರಿದ’ ಅಂತ ಹೆಂಗಸರು ಲೆಕ್ಕ ಹಾಕಿದರು. ಯಾರೋ ಬಟ್ಟೆ ಒಗೆದು ಒಣಹಾಕಿದ್ದು ಕಂಡರೂ ಸಾಕು, ಇವಳಿಗೆಲ್ಲಿಂದ ಬಂತು ಅಂತ ಪಿಸುಪಿಸು. ಇಷ್ಟೆಲ್ಲ ಆದರೂ ಬೈರಪ್ಪನ ಮೇಲೆ ಯಾರೂ ಬೆರಳು ಮಾಡಿರಲಿಲ್ಲ. ಅವನ ಮನೆಯಲ್ಲಿ ನಲ್ಲಿಯೇ ಇಲ್ಲ, ಯಾಕೆ ಕದಿಯುತ್ತಾನೆ?

ನನ್ನ ಅನುಮಾನವೆಲ್ಲ ಮುನೀಂದ್ರನ ಮೇಲೆ. ಕೆರೆ ಕೆಳಗಿನ ಒಳ್ಳೆಯ ಗದ್ದೆಗಳು ಅವರ ಮನೆತನದವು. ಲೇಔಟಿಗೆ ಮಾರಿ, ಬಂದದ್ದರಲ್ಲಿ ನೀರಿನ ಟ್ಯಾಂಕರ್ ಇಟ್ಟುಕೊಂಡು ಅಪಾರ್ಟ್‌ಮೆಂಟುಗಳಿಗೆ ಹೊಡೆಯುತ್ತಿದ್ದ. ಸ್ವಂತ ಬೋರು ಇತ್ತು. ಊರಿಗೆ ಪೈಪು ಹಾಕುವಾಗ ‘ನಮ್ಮನೆಗೆ ನಲ್ಲಿ ಬ್ಯಾಡ, ಬಡವರು ಕುಡೀಲಿ’ ಅಂದಿದ್ದ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಪುಕ್ಕಟೆ ಬರುವುದನ್ನು ಬೇಡ ಅನ್ನುವವನ ಕಣ್ಣು ಇನ್ನೂ ದೊಡ್ಡದರ ಮೇಲಿರುತ್ತದೆ ಅಂತ ನನಗೆ ಆವತ್ತೇ ಅನ್ನಿಸಿತ್ತು. ಈ ಬೇಸಿಗೆಯಲ್ಲಿ ಸುತ್ತಲಿನ ಬೋರುಗಳೆಲ್ಲ ಬತ್ತಿದರೂ ಅವನ ಟ್ಯಾಂಕರ್‌ಗಳು ತುಳುಕಿಸಿಕೊಂಡು ಓಡಾಡುತ್ತಿದ್ದವು. ಅವನೇನು ಭಗೀರಥನ ಮೊಮ್ಮಗನೇ?

ರಾಗಿ ಬೀಸಿಸಲು ಬಂದ ಬೈರಪ್ಪನನ್ನು ಕೇಳಿಯೇಬಿಟ್ಟೆ: “ಅವನು ನಿನ್ನ ಹತ್ರ ಏನಾದ್ರೂ ಬಂದಿದ್ನಾ?”

“ಬಂದಿದ್ದ. ಏರಿ ಕೆಳಗಿನ ಬೋರಿಂದ ದಿನಾ ಒಂದು ಲೋಡು ತುಂಬಿಸ್ಕೊತೀನಿ, ವಾಲ್ವು ಸಡ್ಲ ಬಿಡು ಅಂದ. ಆಗಕ್ಕಿಲ್ಲ ಅಂದೆ. ನಕ್ಕಂಡು ಒಂಟೋದ.”

ಆ ನಗು ನನಗೆ ಹಿಡಿಸಲಿಲ್ಲ. ಬೈದು ಹೋಗಿದ್ದರೆ ಸುಮ್ಮನಿರುತ್ತಿದ್ದೆ.

ಅದಾಗಿ ಸ್ವಲ್ಪ ದಿನಕ್ಕೆ ಮುನೀಂದ್ರ ಗಿರಣಿಗೆ ಬಂದ. ಅವನ ಮನೆಗೆ ಹಿಟ್ಟು ಪಾಕೆಟ್ಟಿನಲ್ಲಿ ಬರುತ್ತದೆ, ನನ್ನ ಗಿರಣಿಯಲ್ಲಿ ಅವನಿಗೇನು ಕೆಲಸ? ಬಾಗಿಲಿಗೆ ಒರಗಿ ನಿಂತು, “ಅಕ್ಕ, ಹೇಳಬಾರದು, ಆದ್ರೂ ಹೇಳ್ತೀನಿ. ಬೈರಪ್ಪನ ಮನೆ ಹಿಂದೆ ಒಂದ್ಸಲ ನೋಡ್ಕೊಂಡು ಬನ್ನಿ” ಅಂದ. ಇದೇ ಮಾತನ್ನು ಅವನು ಹಾಲಿನ ಡೈರಿಯಲ್ಲೂ ಹೇಳಿದ್ದ, ಚಿಲ್ಲರೆ ಅಂಗಡಿಯಲ್ಲೂ ಹೇಳಿದ್ದ ಅಂತ ಆಮೇಲೆ ಗೊತ್ತಾಯಿತು.

ಕಲ್ಲು ನಿಲ್ಲಿಸಿ, ಸೀದಾ ಕಾಲೋನಿಗೆ ಹೋದೆ. ಮನೆಯ ಹಿಂದೆ ಬಚ್ಚಲ ಕಲ್ಲಿನ ಪಕ್ಕ ನೆಲದಿಂದ ನೀಲಿ ಪೈಪು ಎದ್ದಿತ್ತು, ಅದರ ತುದಿಗೆ ಹೊಳೆಯುವ ನಲ್ಲಿ. ಲಾವಣ್ಯ ಮೆಟ್ಟಿಲ ಮೇಲೆ ಕೂತು ಮಗುವಿಗೆ ಹಾಲು ಕೊಡುತ್ತಿದ್ದಳು. ಹೆಣ್ಣು ಮಗು, ಇನ್ನೂ ಎಳೆಯದು.

“ಇದ್ಯಾವಾಗ ಬಂತೇ?”

“ಈಗ ಬಂತಕ್ಕ. ಎಲ್ಲರ ಮನೇಲೂ ಇದೆಯಲ್ಲ, ನಮ್ಮನೇಲೂ ಇದೆ.”

“ಯಾರು ಹಾಕ್ಸಿದ್ದು?”

“ಮುನೀಂದ್ರಣ್ಣ. ಪಂಚಾಯ್ತೀಲಿ ಮಾತಾಡಿ ಅವರೇ ಪ್ಲಂಬರ್ ಕರ್ಕೊಂಡ್ಬಂದ್ರು. ಮಾವ ವಾಲ್ವ್ ಹತ್ರ ಇದ್ರು. ಬಾಣಂತಿ ಬಿಂದಿಗೆ ಹೊರಬಾರದಮ್ಮ ಅಂತ ಮುನೀಂದ್ರಣ್ಣನೇ ಅಂದ್ರು.”

“ಅಯ್ಯೋ ಮಂಕೇ! ಮುನೀಂದ್ರ ಯಾರಿಗಾದ್ರೂ ಒಂದು ಲೋಟ ನೀರು ಪುಕ್ಕಟೆ ಕೊಟ್ಟಿದ್ದು ನೀನು ನೋಡಿದ್ದೀಯಾ?”

ಅವಳು ಮಗುವನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು ನಿಧಾನವಾಗಿ ಹೇಳಿದಳು: “ಇಲ್ಲಕ್ಕ. ಆದ್ರೆ ನಮ್ಮತ್ತೆ ತಲೆ ಮೇಲಿಂದ ನೀವ್ಯಾರಾದ್ರೂ ಒಂದು ಬಿಂದಿಗೆ ಇಳಿಸಿಕೊಂಡಿದ್ದೂ ನಾನು ಕೇಳಿಲ್ಲ.”

ನನಗೆ ಸಿಟ್ಟು ಇನ್ನಷ್ಟು ಏರಿತು. ಅಷ್ಟರಲ್ಲಿ ಬೈರಪ್ಪ ಬಂದ. ಕೀಲಿಯನ್ನು ಗೋಡೆಗೆ ಒರಗಿಸಿ, ನನ್ನನ್ನೂ ನಲ್ಲಿಯನ್ನೂ ನೋಡಿ ತಲೆ ತಗ್ಗಿಸಿದ. ನಾನು ಅವನನ್ನು ಆಚೆಗೆ ಕರೆದು, “ಇವತ್ತೇ ಇದನ್ನ ತೆಗೆಸಿಬಿಡು. ಇದು ನಲ್ಲಿಯಲ್ಲ, ಗಾಳ. ನಿನ್ನ ಕೈಯಿಂದ ಕೀಲಿ ಕಿತ್ಕೊಳ್ಳೋಕೆ ಅವನು ಹಾಕಿರೋದು” ಅಂದೆ.

“ನಂಗೂ ಅಂಗೇ ಅನ್ನುಸ್ತು ಕಣಮ್ಮ. ಬಂದ ದಿನಾನೇ ತೆಗಿಸ್ಬೇಕು ಅಂತ ಓದೆ. ಅವತ್ತು ನಮ್ಮ ಬೀದಿ ಸರದಿ. ನೀರು ಬಂದಿತ್ತು. ಅವಳು ಮಗೀನ ತೊಳೀತಾ ಕೂತಿದ್ಲು. ಸಿದ್ದಿ ನೆನಪಾದ್ಲು. ಕೈ ಬರ್ನಿಲ್ಲ.” ಸಿದ್ದಿ ಅಂದರೆ ಅವನ ಹೆಂಡತಿ ಸಿದ್ದಮ್ಮ. ಅವಳ ಹೆಸರನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

“ಹಾಗಾದ್ರೆ ಬಾಯಿ ಮುಚ್ಕೊಂಡಿರು. ಯಾರಾದ್ರೂ ಕೇಳಿದ್ರೆ ನಂಗೊತ್ತಿಲ್ಲ, ಸೊಸೆ ಹಾಕ್ಸಿದ್ಲು ಅನ್ನು.”

“ಬಚ್ಚಿಟ್ರೆ ಕಳ್ಳ ಆಯ್ತೀನಲ್ಲಮ್ಮ. ನಾನೇ ಓಗಿ ಕಟ್ಟೇಲಿ ಏಳ್ತೀನಿ.”

ಬುದ್ಧಿ ಹೇಳಿದೆ, ಗದರಿದೆ, ಕೊನೆಗೆ ಕೆಟ್ಟ ಮಾತಲ್ಲೇ ಬೈದೆ. ಅವನು ಕೇಳಲಿಲ್ಲ. ಕಟ್ಟೆಗೆ ಮರೆಮಾಚಿದ ನೀರುಗಂಟಿ ಅನ್ನಿಸಿಕೊಳ್ಳುವುದು ಅವನ ಮನೆತನದಲ್ಲೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಕಟ್ಟೆ ಸೇರಿತು. ಸಿದ್ಧಾರ್ಥ್ ಆ ವಾರ ಊರಿಗೆ ಬಂದಿರಲಿಲ್ಲ. ಈಗಿನ ಯಜಮಾನ ಹನುಮಂತರಾಯಪ್ಪ, ಹಿಂದೆ ದೀಪಕ್ಕೆ ಎಣ್ಣೆ ಕೊಟ್ಟನಲ್ಲ, ಆ ಯಜಮಾನನ ಮಗ. ಬಿಳಿ ಷರ್ಟಿನ ಜೇಬಿನಲ್ಲಿ ಎರಡು ಫೋನು, ಬೆರಳಿಗೆ ದಪ್ಪ ಉಂಗುರ. ಕಟ್ಟೆಯ ಮಾತಿಗೆ ಹೆಂಗಸರು ಹೋಗುವ ಹಾಗಿಲ್ಲ. ನಾನು ಗಿರಣಿಯ ಮೋಟಾರು ನಿಲ್ಲಿಸಿ ಬಾಗಿಲಲ್ಲಿ ನಿಂತೆ. ಮುನೀಂದ್ರ ಕಟ್ಟೆಯ ಒಂದು ತುದಿಯಲ್ಲಿ ಕೂತು ಫೋನು ಒತ್ತುತ್ತಿದ್ದ, ಇದಕ್ಕೂ ತನಗೂ ಸಂಬಂಧವೇ ಇಲ್ಲದವನ ಹಾಗೆ.

ಕರೆಯುವ ಮೊದಲೇ ಬೈರಪ್ಪ ಕೀಲಿ ಹೆಗಲ ಮೇಲಿಟ್ಟುಕೊಂಡು ಬಂದು ಕೆಳಗೆ ನಿಂತ. ‘ನಮ್ಮನೇಲಿ ನಲ್ಲಿ ಐತೆ, ಏಳಕ್ ಬಂದೆ’ ಅಂದ.

ಹನುಮಂತರಾಯಪ್ಪ ಗಂಟಲು ಸರಿಮಾಡಿಕೊಂಡ. “ಕಟ್ಟು ಗೊತ್ತೈತಾ ನಿಂಗೆ?”

“ಗೊತ್ತು.”

“ಗೊತ್ತಿದ್ದೂ ಹಾಕ್ಸಿದ್ದೀಯಾ?”

ಮುನೀಂದ್ರ ಹಾಕಿಸಿದ್ದು ಅಂತ ಅವನು ಹೇಳುತ್ತಾನೆ ಅಂತ ನಾನು ಕಾದೆ. ಹೇಳಲಿಲ್ಲ. ತನ್ನ ಮನೆಯ ವಿಷಯಕ್ಕೆ ಇನ್ನೊಬ್ಬನ ಹೆಸರು ಎಳೆಯುವ ಪೈಕಿ ಅಲ್ಲ ಅವನು. ಅಷ್ಟು ಸಾಕಾಯಿತು. ಎಲ್ಲ ಕಡೆಯಿಂದ ಬಾಯಿಗಳು ತೆರೆದುಕೊಂಡವು. ಅದಕ್ಕೇ ನಮ್ಮ ಬೀದಿಗೆ ನೀರು ಸಣ್ಣಗೆ ಬರ್ತಿದ್ದದ್ದು ಅಂತ ಒಬ್ಬ. ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಮಾಡೋದು ಅಂತ ಇನ್ನೊಬ್ಬ. ನಲ್ಲಿ ಬಂದದ್ದು ಮೊನ್ನೆ, ನೀರು ಕಮ್ಮಿಯಾದದ್ದು ಯುಗಾದಿಗೆ ಮುಂಚೆ; ಈ ಸಣ್ಣ ವಿಷಯ ಒಬ್ಬನ ತಲೆಗೂ ಹೋಗಲಿಲ್ಲ. ಬೇಸಿಗೆಯೆಲ್ಲ ಎಲ್ಲಿ ಇಳಿಸುವುದೋ ಗೊತ್ತಿಲ್ಲದೆ ಹೊತ್ತು ತಿರುಗುತ್ತಿದ್ದ ಅನುಮಾನವನ್ನು ಎಲ್ಲರೂ ಒಟ್ಟಿಗೇ ಅವನ ತಲೆ ಮೇಲೆ ಇಳಿಸಿದರು.

“ಒಂದೋ ನಲ್ಲಿ ತೆಗೆಸು, ಇಲ್ಲ ಕೀಲಿ ಕೆಳಗಿಡು,” ಅಂದ ಹನುಮಂತರಾಯಪ್ಪ.

ಆಗ ಲಾವಣ್ಯ ಬಂದಳು. ಮಗುವನ್ನು ಎತ್ತಿಕೊಂಡೇ ಬಂದು ಮಾವನ ಪಕ್ಕ ನಿಂತಳು. “ಸಾರ್, ನಿಮ್ಮ ಮನೇಲಿ ಎಷ್ಟು ನಲ್ಲಿ ಇದಾವೆ?” ಅಂತ ಕೇಳಿದಳು. “ಊರಿಗೆಲ್ಲ ನ್ಯಾಯವಾಗಿ ನೀರು ಬರಬೇಕು ಅಂದ್ರೆ ಒಂದು ಮನೆ ಒಣಗಿರಲೇಬೇಕು ಅಂತೀರ. ಸರಿ. ಆದ್ರೆ ಯಾವಾಗ್ಲೂ ನಮ್ಮನೇನೇ ಯಾಕೆ? ನೀರಿನ ಹಾಗೆ ಇದಕ್ಕೂ ಸರದಿ ಇಡಿ. ಈ ವರ್ಷ ನಿಮ್ಮನೆ ಒಣಗಲಿ, ಬರೋ ವರ್ಷ ಇನ್ನೊಬ್ಬರದು.”

“ಏಯ್, ಒಳಗೆ ನಡಿ,” ಅಂತ ಯಾರೋ ಗದರಿದರು. ಅವಳು ಕದಲಲಿಲ್ಲ. ಬೈರಪ್ಪ ಅವಳನ್ನು ನೋಡಿದ, ಮಗುವನ್ನು ನೋಡಿದ. ಅವನು ನಲ್ಲಿ ತೆಗೆಸುತ್ತೇನೆ ಅನ್ನುತ್ತಾನೆ ಅಂತಲೇ ನಾನು ತಿಳಿದಿದ್ದೆ, ಕಟ್ಟೆಯವರೂ ತಿಳಿದಿದ್ದರು. ಅವನು ಹೆಗಲ ಮೇಲಿನ ಕೀಲಿ ಇಳಿಸಿ ಕಟ್ಟೆಯ ಕಲ್ಲಿನ ಮೇಲೆ ಮಲಗಿಸಿದ. ಕಬ್ಬಿಣ ಕಲ್ಲಿಗೆ ತಾಗಿ ಸದ್ದಾಯಿತು. ಸೊಸೆಯ ಹಿಂದೆ ಮನೆಗೆ ಹೋದ. ನನಗೆ ಅಳು ಬಂತು. ಆ ಹುಡುಗಿಯ ಮೇಲೆ ಸಿಟ್ಟೂ ಬಂತು, ಅವಳು ಹೇಳಿದ್ದರಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ ಅಂತಲೂ ಗೊತ್ತಿತ್ತು.

ಇನ್ನು ಕೀಲಿ ಯಾರಿಗೆ? ಕಟ್ಟಿನ ಪ್ರಕಾರ ನಲ್ಲಿ ಇಲ್ಲದ ಮನೆಯವನಾಗಬೇಕು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊರಿನಲ್ಲಿ ನಲ್ಲಿ ಇಲ್ಲದ ಮನೆ ಎಲ್ಲಿದೆ? ಯಾರೋ ಹಿಂದಿನಿಂದ, ‘ನಮ್ಮ ಮುನೀಂದ್ರಣ್ಣನ ಮನೇಲಿ ಇಲ್ವಲ್ಲ’ ಅಂದರು. ಹೌದು ಹೌದು ಅಂತ ತಲೆಗಳು ಆಡಿದವು. ಮುನೀಂದ್ರ ಫೋನಿನಿಂದ ಕತ್ತೆತ್ತಿ, ‘ನಂಗ್ಯಾಕಣ್ಣ ಇದೆಲ್ಲಾ, ಪುರುಸೊತ್ತಿಲ್ಲ’ ಅಂದ. ಹಾಗೆ ಅನ್ನುವಾಗಲೇ ಎದ್ದು ನಿಂತಿದ್ದ.

ನಾನು ಗಿರಣಿ ಬಾಗಿಲಿಂದಲೇ ಕೂಗಿದೆ: “ಯಜಮಾನ್ರೇ, ಅವನ ಮನೇಲಿ ನಲ್ಲಿ ಇಲ್ದಿರೋದು ಅಂಗಳದಲ್ಲಿ ಟ್ಯಾಂಕರ್ ನಿಂತಿರೋದಕ್ಕೆ ಕಣ್ರೀ! ನೀರು ಮಾರೋನ ಕೈಗೆ ನೀರು ಕೊಡ್ತೀರಾ?”

ಹನುಮಂತರಾಯಪ್ಪ ನನ್ನ ಕಡೆ ತಿರುಗಿದ. “ಭಾಗ್ಯಮ್ಮ, ಕಟ್ಟು ನಲ್ಲಿ ವಿಷಯ ಹೇಳ್ತದೆ. ಟ್ಯಾಂಕರ್ ವಿಷಯ ಹೇಳಲ್ಲ. ನೀನು ರಾಗಿ ಬೀಸು.”

ಗ್ರಾಮದೇವತೆಯ ಮುಂದೆ ಕರ್ಪೂರ ಹಚ್ಚಿ ಮುನೀಂದ್ರ ಕೀಲಿ ತೆಗೆದುಕೊಂಡ. ಹಿರಿಯರು ಮಾಡಿದ ಕಟ್ಟನ್ನು ಉಳಿಸಿದೆವು ಅಂತ ಎಲ್ಲರಿಗೂ ಸಮಾಧಾನ. ಆವತ್ತು ಯಾರಿಗೂ ಹಿಟ್ಟು ಬೀಸಿಕೊಡಲಿಲ್ಲ ನಾನು.

ಆಮೇಲಿನದನ್ನು ಹೇಳಲು ಜಾಣತನ ಬೇಕಿಲ್ಲ. ಸರದಿಯ ದಿನ ನಲ್ಲಿಗಳಲ್ಲಿ ದಾರದಷ್ಟು ನೀರು ಬಂದು ನಿಲ್ಲುತ್ತಿತ್ತು. ಕೇಳಿದರೆ, ‘ಬೋರು ಸೋಲ್ತಾ ಇದೆ ಅಕ್ಕ, ನಾನೇನು ಮಾಡ್ಲಿ’ ಅನ್ನುವನು ಮುನೀಂದ್ರ. ಒಂದು ಬೆಳಿಗ್ಗೆ ನಾನೇ ಏರಿಯ ಮೇಲೆ ನಡೆದುಕೊಂಡು ಹೋಗಿ ನೋಡಿದೆ. ಪಂಪ್‌ಹೌಸಿನ ಗೇಟಿಗೆ ಹೊಸ ಬೀಗ, ಅದರ ಮುಂದೆ ಬೇಸಿಗೆಯ ಧೂಳಿನಲ್ಲಿ ದೊಡ್ಡ ಟೈರಿನ ಒದ್ದೆ ಗುರುತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಹೋಗಿ ಹನುಮಂತರಾಯಪ್ಪನಿಗೆ ಹೇಳಿದೆ. ‘ಟೈರ್ ಗುರುತು ಎಲ್ಲಾ ಕಡೆ ಇರ್ತದೆ’ ಅಂದ. ಅವನು ದಡ್ಡನೋ, ಪಾಲುದಾರನೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅವನ ಸಂಪು ಮಾತ್ರ ಆ ಬೇಸಿಗೆ ಒಂದು ದಿನವೂ ಖಾಲಿಯಾಗಲಿಲ್ಲ.

ಜನ ತಮ್ಮ ದಾರಿ ತಾವು ನೋಡಿಕೊಂಡರು. ನಲ್ಲಿಗೆ ನೇರವಾಗಿ ಮೋಟಾರು ಕಟ್ಟಿ ಪೈಪಿನಲ್ಲಿದ್ದ ನೀರನ್ನೆಲ್ಲ ಹೀರುವುದು ಶುರುವಾಯಿತು. ಒಬ್ಬ ಹಾಕಿದ ಅಂತ ಪಕ್ಕದವನು ಹಾಕಿದ. ಮುಂದಿನ ಮನೆಯವರು ಹೀರಿದರೆ ಹಿಂದಿನ ಮನೆಗೆ ಗಾಳಿಯೂ ಇಲ್ಲ. ಹೊಡೆದಾಟವಾಗಿ ಒಬ್ಬನ ತಲೆಗೆ ಹೊಲಿಗೆ ಬಿತ್ತು. ಬೈರಪ್ಪನ ಕಾಲದಲ್ಲಿ ಹೀಗಿರಲಿಲ್ಲ ಅನ್ನುವ ಮಾತು ಆಗ ಬಂತು, ಕೆಟ್ಟ ಮೇಲೆ ಬುದ್ಧಿ ಬಂದ ಹಾಗೆ. ಬೇರೆ ಯಾರ ಹೆಸರು ಹೇಳಿದರೂ ಉಳಿದ ಬೀದಿಯವರು ಒಪ್ಪುತ್ತಿರಲಿಲ್ಲ. ಎಲ್ಲರೂ ಒಪ್ಪುವ ಹೆಸರು ಒಂದೇ ಉಳಿದಿತ್ತು.

ಕಡೆಗೆ ಹನುಮಂತರಾಯಪ್ಪನೇ ನಾಲ್ಕು ಜನ ಹಿರಿಯರನ್ನು ಕಟ್ಟಿಕೊಂಡು ಕಾಲೋನಿಗೆ ಹೊರಟ. ಕರೆಯದಿದ್ದರೂ ನಾನು ಹಿಂದೆ ಹೋದೆ. ಕಟ್ಟೆಯೇ ನೀರುಗಂಟಿಯ ಅಂಗಳಕ್ಕೆ ಬಂದದ್ದು ನಾನು ಕಂಡಂತೆ ಅದೊಂದೇ ಸಲ. ಬೈರಪ್ಪ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ತೂಗುತ್ತಿದ್ದ. ಏಳಲಿಲ್ಲ.

“ನಡಿ ಬೈರಪ್ಪ, ಕೀಲಿ ಅವನ ಕೈಯಿಂದ ತಗೊಂಡು ನಿಂಗೆ ಕೊಡ್ತೀವಿ. ನಲ್ಲಿ ಇದ್ರೆ ಇರ್ಲಿ ಬಿಡು. ಕಟ್ಟನ್ನ ಮಾಡಿದೋರೇ ಸಡ್ಲ ಮಾಡ್ತಾ ಇದೀವಿ,” ಅಂದ ಹನುಮಂತರಾಯಪ್ಪ.

ಬೈರಪ್ಪ ತಲೆ ಅಲ್ಲಾಡಿಸಿದ. “ಬ್ಯಾಡಿ.”

“ಯಾಕಯ್ಯಾ, ಕೋಪಾನಾ? ನಿನ್ನ ಮೇಲೆ ನಮಗೆ ನಂಬಿಕೆ ಐತೆ.”

“ನಂಗಿಲ್ಲ.” ಮಗುವಿನ ತಲೆಯ ಮೇಲೆ ಕೂತ ನೊಣ ಓಡಿಸಿ ಅವನು ಮುಂದುವರಿಸಿದ. “ಮನ್ನೆ ನಮ್ಮ ಬೀದಿ ಸರದಿ. ನಲ್ಲೀಲಿ ನೀರು ಬರ್ನಿಲ್ಲ, ಮಗ ಅಳ್ತಾ ಇತ್ತು. ಕೀಲಿ ನನ್ ಕೈಲಿದ್ದಿದ್ರೆ ಓಗಿ ನಮ್ಮ ಬೀದಿಗೇ ತಿರುಗಿಸ್ತಿದ್ದೆ. ನಿಮ್ಮ ಯಾರ ಮನೆ ಮಗಾನೂ ನೆನಪಾಯ್ತಿರ್ಲಿಲ್ಲ. ಅಂಥೋನ ಕೈಗೆ ಕೊಡಬ್ಯಾಡಿ.”

ಹಿರಿಯರು ಇನ್ನೂ ಏನೇನೋ ಹೇಳಿದರು. ಅವನು ಕೇಳಿಸಿಕೊಂಡ, ಜಗ್ಗಲಿಲ್ಲ. ಒಳಗಿನಿಂದ ಲಾವಣ್ಯ ಎಲ್ಲರಿಗೂ ಲೋಟದಲ್ಲಿ ನೀರು ತಂದು ಕೊಟ್ಟಳು. ಹನುಮಂತರಾಯಪ್ಪ ಲೋಟ ಹಿಡಿದುಕೊಂಡೇ ನಿಂತಿದ್ದ, ಕುಡಿದನೋ ಇಲ್ಲವೋ ನಾನು ನೋಡಲಿಲ್ಲ. ಕೀಲಿ ಮುನೀಂದ್ರನ ಹತ್ತಿರವೇ ಉಳಿಯಿತು.

ವಾಪಸ್ಸು ಬರುವಾಗ ದಾರಿಯುದ್ದಕ್ಕೂ ನನಗೆ ಸಂಕಟ. ಊರಿಗೆ ಊರೇ ಅವನನ್ನು ಕಳ್ಳ ಅಂದಾಗಲೂ ನಾನು ಅಂದಿರಲಿಲ್ಲ. ಅವನ ಸೊಸೆಯನ್ನು ಬಿಟ್ಟರೆ ಅವನ ಪರವಾಗಿ ಕಟ್ಟೆಯ ಎದುರು ಬಾಯಿ ತೆರೆದದ್ದು ನಾನೊಬ್ಬಳೇ. ಅದು ಅವನಿಗೂ ಗೊತ್ತಿದೆ ಅನ್ನುವುದೇ ನನಗೆ ಸ್ವಲ್ಪ ನೆಮ್ಮದಿಯಾಗಿತ್ತು.

ಮುಂದಿನ ಸಲ ನಮ್ಮ ಬೀದಿಗೆ ನೀರು ಬಂದ ದಿನ ಬೆಳಿಗ್ಗೆ ಗಿರಣಿಗೆ ಹೊರಡುತ್ತಿದ್ದೆ. ಗೇಟಿನ ಹೊರಗೆ ಯಾರೋ ಮಂಡಿಯೂರಿ ಕೂತಿದ್ದು ಕಾಣಿಸಿತು. ಬೈರಪ್ಪ. ನನ್ನ ಮನೆಗೆ ಬರುವ ಪೈಪಿಗೆ ಕಿವಿಯಿಟ್ಟು ಆಲಿಸುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ, ಮಂಡಿಯ ಮಣ್ಣು ಕೊಡವಿಕೊಂಡ. ನಾಚಿಕೊಂಡ ಹಾಗೇನೂ ಕಾಣಲಿಲ್ಲ.

“ಭಾಗ್ಯಮ್ಮಾರೇ, ನೀವೇನಾದ್ರೂ ಮೋಟ್ರು ಆಕಿದ್ದೀರಾ? ನಿಮ್ಮ ಬೀದಿ ಆದ ಮ್ಯಾಲೆ ನಮ್ಮ ಬೀದಿ. ನಮಗೆ ಬರ್ತಾನೇ ಇಲ್ಲ.”

“ನನ್ನ ಮೇಲೂನಾ ಬೈರಪ್ಪ?”

“ಎಲ್ರ ಮ್ಯಾಲೂನೂವೆ ಕಣಮ್ಮ.”

ಮೈಯೆಲ್ಲ ಉರಿಯಿತು. ಗೇಟನ್ನು ಪೂರ್ತಿ ತೆರೆದು, ಅಷ್ಟು ಅನುಮಾನ ಇದ್ದರೆ ಒಳಗೆ ಬಂದು ನೋಡಿಕೋ ಅಂದೆ. ಬೇಡ ಬಿಡಿ ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದ, ಸಂಪಿನ ಮುಚ್ಚಳ ಎತ್ತಿ ನೋಡಿದ. ಮೋಟಾರು ಇಲ್ಲ ಅಂತ ಕಂಡ ಮೇಲೂ, ನನ್ನ ಕಲ್ಲಿನ ಪಕ್ಕ ಹಿಟ್ಟು ಕಾಯುವವರ ಹಾಗೆ ಅಲ್ಲೇ ನಿಂತ.